ಪೈಶಾಚಿಕ ಅಂದರೆ ಎಷ್ಟು

ಇಲಿಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ. ಗಾದೆಯನ್ನು ಹೀಗೆ ತಲೆಕೆಳಗೆ ನೇತುಹಾಕಿದರೂ ಅದು ಯಾರ ಮೇಲೂ ದಾವೆ ಹೂಡುವುದಿಲ್ಲ ಎಂಬುದೊಂದು ಧೈರ್ಯ. ಗಾದೆ ಸುಳ್ಳಾದರೆ ಆಗಲಿ, ಈ ಕಥೆ ಮಾತ್ರ ಅಪ್ಪಟ ನಿಜ.

ವಕೀಲರ ಕೋಣೆಯಲ್ಲಿದ್ದ ಕುರ್ಚಿಗಳಲ್ಲಿ ಒಂದಕ್ಕೆ ಕಾಲು ಕುಂಟು, ಅದೇ ಅವಳ ಪಾಲಿಗೆ ಬಂದಿತ್ತು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹಾಕುವವಳು. ಸುಮ್ಮನಿರಲು ಬಾರದ ಬೆರಳುಗಳು ಕೈಚೀಲದ ಪಟ್ಟಿಯನ್ನು ತಿರುಚುತ್ತಿದ್ದವು. ಪಕ್ಕದಲ್ಲಿ ಅವಳ ಅಣ್ಣ, ಒಲ್ಲದ ಮದುವೆಗೆ ಬಂದವನ ಹಾಗೆ ಮುಖ ಊದಿಸಿಕೊಂಡು ಕೂತಿದ್ದ.

"ಗಂಡನಿಂದ ಬಿಡುಗಡೆ ಬೇಕು, ಅರ್ಜೀಲಿ 'ಪೈಶಾಚಿಕ' ಅಂತ ಬರೀಬೇಕು. ಅಷ್ಟೇ ತಾನೆ?" ವಕೀಲಮ್ಮ ಕನ್ನಡಕವನ್ನು ಹಣೆಗೇರಿಸಿದರು. "ಆ ಪದ ಎಲ್ಲಿ ಸಿಕ್ತಮ್ಮ ನಿಂಗೆ?"

"ಪೇಪರಲ್ಲಿ, ಮೇಡಂ."

"ಪೇಪರಲ್ಲಿ ಅದು ಒಂಟಿಯಾಗಿ ಓಡಾಡಲ್ಲ. ಹಿಂದೆ ಮಚ್ಚು, ಮುಂದೆ 'ಕೃತ್ಯ'. ಹೊಡೆದ್ನಾ?"

"ಇಲ್ಲ."

"ಸುಟ್ನಾ? ಕೂಡಿಹಾಕಿದ್ನಾ?"

"ಇಲ್ಲ ಮೇಡಂ. ಫೋನ್ ಮಾಡ್ದ."

ಮೂಲೆಯಲ್ಲಿ ಕೂತಿದ್ದ ಟೈಪಿಸ್ಟ್ ಮೂಗಿನಲ್ಲೇ ನಕ್ಕ.

ಗಂಡನಿಗೆ ಗೆಳೆಯರು ಇಟ್ಟ ಹೆಸರು ಗಿಳಿರಾಯ. ಕುಕ್ಕರಿನ ಸೀಟಿಯಿಂದ ಹಿಡಿದು ಬ್ಯಾಂಕ್ ಮ್ಯಾನೇಜರನ ಮಾತಿನವರೆಗೆ ಏನನ್ನು ಬೇಕಾದರೂ ಅನುಕರಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಮಾವನ ಧ್ವನಿಯನ್ನೂ ಕಲಿತ. ಮೇಷ್ಟ್ರು ಅವಳೇ. "ರೀ, ಇನ್ನೂ ಸ್ವಲ್ಪ ಮೂಗಲ್ಲಿ. ಅಪ್ಪ 'ಮಗಾ' ಅನ್ನೋಕ್ ಮುಂಚೆ ಒಂಚೂರು ಕೆಮ್ತಾರೆ," ಎಂದು ತಿದ್ದಿ ತಿದ್ದಿ ಕೊಟ್ಟಿದ್ದಳು. ಅಪ್ಪನೂ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಆಮೇಲೆ ಅಪ್ಪನಿಗೆ ಮರೆವು ಶುರುವಾಯಿತು. ಕ್ಷೌರಕ್ಕೆ ಹೋಗಿಬರುತ್ತೇನೆಂದು ಹೊರಟವನು ಮನೆಗೆ ಬರಲಿಲ್ಲ. ಆಸ್ಪತ್ರೆ, ಪೊಲೀಸ್ ಠಾಣೆ, ರೈಲು ನಿಲ್ದಾಣ, ಅವಳು ತುಳಿಯದ ಮೆಟ್ಟಿಲಿಲ್ಲ. ಅಂಥ ದಿನಗಳಲ್ಲೊಂದು ಮಧ್ಯಾಹ್ನ, ಮೆಷಿನ್ನಿನ ಮುಂದೆ ಕೂತಿದ್ದಾಗ ಗುರುತಿಲ್ಲದ ನಂಬರಿನಿಂದ ಕರೆ. ಒಂದು ಸಣ್ಣ ಕೆಮ್ಮು. "ಮಗಾ, ದಾರಿ ತಪ್ತು ಕಣೇ. ಬಸ್ ಸ್ಟ್ಯಾಂಡಲ್ಲಿದ್ದೀನಿ. ಚಳಿ ಆಗ್ತಿದೆ."

ಓಡುವ ಮೆಷಿನ್ನನ್ನು ಓಡಲು ಬಿಟ್ಟು, ರಾಶಿಯಿಂದ ಒಂದು ಅಂಗಿ ಎಳೆದುಕೊಂಡು ಓಡಿದಳು. ಬಸ್ ಸ್ಟ್ಯಾಂಡಿನ ಕಂಬದ ಹಿಂದಿನಿಂದ ಗಿಳಿರಾಯ ಮತ್ತು ಗೆಳೆಯರು ಕೇಕೆ ಹಾಕುತ್ತ ಹೊರಬಂದರು. ಅವರನ್ನು ಕಂಡ ಮೇಲೂ ಅವಳು ಬೆಂಚಿನಿಂದ ಬೆಂಚಿಗೆ ಹುಡುಕುತ್ತಲೇ ಇದ್ದಳು. ಅದು ಅವರಿಗೆ ಇನ್ನೂ ನಗು ತರಿಸಿತು.

"ತಮಾಷೆ ಕಣಮ್ಮ," ಅಣ್ಣ ಈಗ ಬಾಯಿಬಿಟ್ಟ. "ಅಳ್ತಾ ಕೂತವಳನ್ನ ನಗಿಸೋಣ ಅಂತ ಮಾಡಿದ್ದಾನೆ. ಇಷ್ಟಕ್ಕೆಲ್ಲ ಮನೆ ಮುರ್ಕೋತಾರಾ?"

"ನಾಳೆ ನಿಜವಾಗ್ಲೂ ಅಪ್ಪನೇ ಫೋನ್ ಮಾಡಿದ್ರೆ?" ಅವಳು ಅಣ್ಣನ ಕಡೆ ತಿರುಗಿದಳು. "ನಾನು ಇಟ್ಬಿಡ್ತೀನಿ ಕಣಣ್ಣ. ಮೊನ್ನೆ ಯಾರೋ ಫೋನಲ್ಲಿ ಕೆಮ್ಮಿದ್ರು, ಇಟ್ಬಿಟ್ಟೆ. ಯಾರಾಗಿದ್ರೋ!"

ವಕೀಲಮ್ಮ ಮೆತ್ತಗೆ ಹೇಳಿದರು: "ನಂಗೆ ಅರ್ಥ ಆಗುತ್ತಮ್ಮ. ಆದ್ರೆ ಜಡ್ಜ್ ನಕ್ಕುಬಿಡ್ತಾರೆ. 'ಮನಸ್ತಾಪ' ಅಂತ ಹಾಕೋಣ."

"ಮನಸ್ತಾಪ ಊಟಕ್ಕೆ ಉಪ್ಪು ಜಾಸ್ತಿ ಆದ್ರೂ ಬರುತ್ತೆ ಮೇಡಂ. ಹಾಗೆ ಬರೆದ್ರೆ 'ಹೊಂದ್ಕೊಂಡು ಹೋಗಿ' ಅಂತ ಅದೇ ಮನೆಗೆ ಕಳಿಸ್ತಾರೆ. ನಾನು ಆ ಬಾಯಿ ಪಕ್ಕ ಮಲಗಲ್ಲ. ಸತ್ತೋಗ್ತೀನಿ."

ರಾಜಿ ಮಾತಿಗೆಂದು ಕರೆಸಿದ್ದ ಗಿಳಿರಾಯ ಹೊರಗೆ ಕಾಯುತ್ತಿದ್ದ. ಒಳಗೆ ಬಂದವನೇ ಟೈಪಿಸ್ಟನ ಕೀಲಿಗಳ ಟಕಟಕವನ್ನು ನಾಲಿಗೆಯಲ್ಲೇ ಬಾರಿಸಿದ. ಟೈಪಿಸ್ಟ್ ಬಿದ್ದು ಬಿದ್ದು ನಕ್ಕ, ಅಣ್ಣನ ಊದಿದ ಮುಖದಲ್ಲೂ ನಗು ಮೂಡಿತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇವನಿಗೆ ನಗದ ಕೋರ್ಟು ಭೂಮಿಯ ಮೇಲೆ ಇದೆಯೇ?

"ಆ ಫೋನಲ್ಲಿ ಮಾತಾಡಿದ್ದನ್ನ ಒಂದ್ಸಲ ಮಾಡಿ, ನೋಡೋಣ," ಎಂದರು ವಕೀಲಮ್ಮ.

"ಅದಕ್ಕೇನಂತೆ ಮೇಡಂ!" ಅವನು ಗೋಡೆಗೆ ಮುಖ ಮಾಡಿ ಕೆಮ್ಮಿದ. "ಮಗಾ, ದಾರಿ ತಪ್ತು..."

ಅಣ್ಣನ ಕುರ್ಚಿ ಹಿಂದಕ್ಕೆ ಬಿತ್ತು. ಎದುರಿಗೇ ಕೂತು ನೋಡುತ್ತಿದ್ದವನು ಎದ್ದು ಓಡಿ ಬಾಗಿಲು ತೆಗೆದ. ಮೊಗಸಾಲೆಯ ಆ ತುದಿ ನೋಡಿದ, ಈ ತುದಿ ನೋಡಿದ. "ಅಪ್ಪಾ?" ಆಮೇಲೆ ಚಿಲಕ ಹಿಡಿದು ಹಾಗೇ ನಿಂತ. ಒಳಗೆ ತಿರುಗಿ ನೋಡಲಾಗಲಿಲ್ಲ ಅವನಿಗೆ.

ವಕೀಲಮ್ಮ ಕನ್ನಡಕ ಇಳಿಸಿದರು. "ಮನಸ್ತಾಪ ತೆಗಿಯಪ್ಪ. ಪೈಶಾಚಿಕ ಅಂತ ಹೊಡಿ."

"ನೋಡಿದ್ರಾ? ಭಾವನೂ ಬೇಸ್ತು ಬಿದ್ದ!" ಗಿಳಿರಾಯ ಚಪ್ಪಾಳೆ ತಟ್ಟಿ ನಕ್ಕ. ಟೈಪಿಸ್ಟ್ ಈ ಸಲ ನಗಲಿಲ್ಲ, ತಲೆ ತಗ್ಗಿಸಿ ಟೈಪು ಮಾಡತೊಡಗಿದ. ಆಗ ಕುಂಟು ಕುರ್ಚಿಯ ಕಡೆಯಿಂದ ಇನ್ನೊಂದು ನಗು ಎದ್ದಿತು. ಅವಳ ಪರ ಸಾಕ್ಷಿಯನ್ನು ಅವನೇ ತನ್ನ ಬಾಯಿಂದ ನುಡಿದುಬಿಟ್ಟಿದ್ದ. ಅವಳು ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ಉಸಿರು ಸಿಕ್ಕಿದಾಗಲೆಲ್ಲ ಮತ್ತೆ ಮತ್ತೆ ನಕ್ಕಳು. ಗಿಳಿರಾಯ ತನ್ನ ನಗು ನಿಲ್ಲಿಸಿ ಅವಳ ಮುಖ ನೋಡಿದ. ಅವಳ ನಗು ನಿಲ್ಲಲಿಲ್ಲ.