ತುಂಬಾ ಸಮಾಧಾನಕರ

ಇಪ್ಪತ್ತೆರಡು ವರ್ಷದಿಂದ ಆಳಂದದ ಈ ತೊಗರಿ ಬೆಳೆಗಾರರ ಸಂಘದಲ್ಲಿ ಗುಮಾಸ್ತಳಾಗಿದ್ದೇನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಹನಿ ನೀರು ಕುಡಿಯದೆ ಕೂರುವುದು ರೂಢಿಯಾಗಿಬಿಟ್ಟಿದೆ. ಹೆಂಗಸರ ಶೌಚಾಲಯದಲ್ಲಿ ಹಳೆಯ ಕಡತ, ಖಾಲಿ ಚೀಲ ತುಂಬಿ ಬೀಗ ಹಾಕಿದ್ದಾರೆ. ಗಂಡಸರಿಗೇನು, ಹಿಂದಿನ ಗೋಡೆಯೇ ಸಾಕು. ನಾಚಿಕೆಗೆಟ್ಟವರು!

ನಮ್ಮಲ್ಲಿರುವ ಇನ್ನೊಬ್ಬ ಹೆಂಗಸೆಂದರೆ ಮಟಕಿ ಹಳ್ಳಿಯಿಂದ ಬಸ್ಸಿಗೆ ಬರುವ ನಾಗರತ್ನಾ. ಕೆಲಸವೆಂದರೆ ಪ್ರಾಣ ಆ ಹುಡುಗಿಗೆ. ರೈತರು ಬಂದರೆ ಎದ್ದು ಹೋಗಿ ತಾನೇ ಅರ್ಜಿ ತುಂಬಿಕೊಡುವಳು. ನನ್ನನ್ನು ನೋಡಿ ಅವಳೂ ನೀರು ಬಿಟ್ಟಳು. ಎರಡೇ ವರ್ಷಕ್ಕೆ ಮೂತ್ರಪಿಂಡದಲ್ಲಿ ಕಲ್ಲು. ನೀರಾದರೂ ಕುಡಿ, ಇಲ್ಲ ಕೆಲಸವಾದರೂ ಬಿಡು ಎಂದರು ಡಾಕ್ಟರು.

ಅಷ್ಟರಲ್ಲಿ ಕಲಬುರಗಿಯ ಮುಖ್ಯ ಕಚೇರಿಯಿಂದ ಒಂದು ನಮೂನೆ ಬಂತು. ಕೆಲಸದ ಜಾಗ ಹೇಗಿದೆ? ಗಾಳಿ, ಬೆಳಕು, ಶೌಚಾಲಯ? ಎಲ್ಲದರ ಮುಂದೆ ಗುರುತು ಹಾಕಬೇಕು. ನಮ್ಮ ಸಾಹೇಬರು ರೇವಣಪ್ಪನವರಿಗೆ ಆ ತಿಂಗಳೇ ನಿವೃತ್ತಿ. ಹೋಗುವ ಮನುಷ್ಯನ ಹೆಸರಿಗೆ ಯಾಕೆ ಮಸಿ ಎಂದು ಎಲ್ಲರೂ 'ತುಂಬಾ ಸಮಾಧಾನಕರ' ಎಂದೇ ಹಾಕಿದರು. ನಾನೂ ಹಾಕಿದೆ. ನಾಗರತ್ನಾಳ ಪೆನ್ನು ಮಾತ್ರ ಶೌಚಾಲಯದ ಸಾಲಿನಲ್ಲಿ ನಿಂತುಬಿಟ್ಟಿತು.

"ಅಕ್ಕಾರ, ಇಲ್ಲಿ ಖರೇ ಬರೀಲೇನ್ರಿ?"

"ಹುಚ್ಚಿ ಇದ್ದೀ ಏನವ್ವ? ಬೀಗರು ಊಟ ಹ್ಯಾಂಗಿತ್ತು ಅಂತ ಕೇಳಿದ್ರ, ಸಾರಿಗೆ ಉಪ್ಪಿಲ್ಲ ಅಂತೀವೇನು? ಹೊಸಾ ಸಾಹೇಬ್ರು ಬರ್ಲಿ, ಅವರಿಗಿ ಹೇಳಮು. ಹಾಕು."

ಹಾಕಿದಳು.

ಎರಡು ತಿಂಗಳಿಗೆ ಆದೇಶ ಬಂತು. ಜೇವರ್ಗಿ ಶಾಖೆಯವರು ಬಾಯಿಬಿಟ್ಟು ಬರೆದಿದ್ದರಂತೆ, ಅವರಿಗೆ ಹೊಸ ಶೌಚಾಲಯ. ಆಳಂದದ ಸಿಬ್ಬಂದಿ ಪೂರ್ಣ ತೃಪ್ತರಾಗಿರುವುದರಿಂದ ಇಲ್ಲಿ ದುರಸ್ತಿಯ ಅಗತ್ಯವಿಲ್ಲ. ಓದಿದವಳೇ ಹೊಸ ಸಾಹೇಬರ ಕೋಣೆಗೆ ಓಡಿದೆ.

"ನೀವೇ ಹಾಕೀರಲ್ರಿ ಸುಭದ್ರಾಬಾಯಿ," ಎಂದು ಅವರು ನನ್ನದೇ ಹಾಳೆಯ ನಕಲು ತೆಗೆದು ತೋರಿಸಿದರು. ನನ್ನ ಕರ್ಮ! ಹೊರಗೆ ಬಂದೆ.

ಮರುವಾರ ನಾಗರತ್ನಾಗೆ ಮತ್ತೆ ನೋವು ಬಂತು, ಮೂರು ದಿನ ಆಸ್ಪತ್ರೆ. ಅಲ್ಲಿಂದ ಬಂದವಳು ರಾಜೀನಾಮೆ ಬರೆದುಕೊಡಿರೆಂದು ನನ್ನ ಮುಂದೆ ಕುಳಿತಳು. ಕಚೇರಿಯ ಕಾಗದಪತ್ರವೆಲ್ಲ ಬರೆಯುವವಳು ನಾನೇ. ಬೇಡ ಎನ್ನಲು ನನಗೆ ಬಾಯಿಲ್ಲ. ಈ ಸಲವಾದರೂ ಇದ್ದದ್ದನ್ನು ಇದ್ದ ಹಾಗೆ ಬರೆಯೋಣವೆಂದು 'ಶೌಚಾಲಯವಿಲ್ಲದ ಕಾರಣ' ಎಂದು ಶುರು ಮಾಡಿದೆ. ಅವಳು ನನ್ನ ಕೈ ಹಿಡಿದಳು.

"ಬ್ಯಾಡ್ರಿ ಅಕ್ಕಾರ. ಮುಂದ ಕೆಲಸ ಕೊಡೋರು ಇಲ್ಲಿ ವಿಚಾರಿಸಿದ್ರ, ತಕರಾರಿನ ಹೆಣ್ಮಗಳು ಅಂತಾರ. ಮನಿ ಕಾರಣ ಅಂತ ಬರೀರಿ. ಇಲ್ಲಿ ಭಾಳ ಸಮಾಧಾನದಿಂದ ಕೆಲಸ ಮಾಡೀನಿ ಅಂತನೂ ಬರೀರಿ."

ನನಗೆ ಅಳು ತಡೆಯಲಾಗಲಿಲ್ಲ. ಆದರೂ ಆ ಹಾಳೆ ಹರಿದು, ಅವಳು ಹೇಳಿದಂತೆಯೇ ಬರೆದು ಮುಂದಿಟ್ಟೆ.

ಅವಳು ಓದಿ ನೋಡಲಿಲ್ಲ. ನಾನು ಬರೆದದ್ದೆಂಬ ನಂಬಿಕೆಯಲ್ಲಿ ಸಹಿ ಹಾಕಿಬಿಟ್ಟಳು.