ಹನ್ನೆರಡರಿಂದ ಒಂದರವರೆಗಿನ ನೀರು

ಎಂಟು ಗಂಟೆಗೆ ಬರಬೇಕಾದವರು ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬಂದರು. ಅಷ್ಟು ಹೊತ್ತೂ ಜೆಫೆರಿನೊ ಬೆಟ್ಟದ ಮೇಲಿನ ಕೊಳದ ಕಟ್ಟೆಯಲ್ಲಿ ಕುಳಿತು ಮೂರು ಸಲ ಜಪಮಾಲೆ ಎಣಿಸಿ ಮುಗಿಸಿದ್ದ. ಮೂರನೆಯ ಸಲ ಪ್ರಾರ್ಥನೆಗಿಂತ ಬೈಗುಳವೇ ಹೆಚ್ಚಾಗಿತ್ತು.

ಬಂದವರು ಗಂಡಹೆಂಡತಿ, ಹಾಲೆಂಡಿನವರು. ಗಂಡ ಯೋಸ್ಟ್ ಉದ್ದನೆಯ ಆಳು, ಕೈಯಿಂದ ಫೋನು ಇಳಿಯದು. ಹೆಂಡತಿ ಹಿಲ್ಡೆಗೆ ಅರವತ್ತು ದಾಟಿತ್ತು. ಕಾಲಲ್ಲಿ ನಿನ್ನೆ ತಾನೆ ಕೊಂಡಂತಿದ್ದ ಬೂಟು.

"ಹೋಟೆಲಿನ ತಿಂಡಿ ಅಷ್ಟು ಚೆನ್ನಾಗಿತ್ತು. ಏಳೋಕೇ ಮನಸ್ಸಾಗ್ಲಿಲ್ಲ," ಎಂದು ಯೋಸ್ಟ್ ನಕ್ಕ.

ಜೆಫೆರಿನೊ ನಗಲಿಲ್ಲ. ಪಕ್ಕಕ್ಕೆ ಹೋಗಿ, ಊರಲ್ಲಿ ಪ್ರವಾಸಿಗರನ್ನು ಗೊತ್ತುಮಾಡಿ ಕೊಡುವ ಗ್ರಾಸಾಳಿಗೆ ಫೋನು ಮಾಡಿದ.

"ಇವತ್ತು ಆಗಲ್ಲ ಗ್ರಾಸಾ. ಹನ್ನೆರಡಕ್ಕೆ ನನ್ನ ಸರದಿ ನೀರು."

"ದಾರಿ ಎರಡು ಗಂಟೆ ತಾನೆ? ಸ್ವಲ್ಪ ಬಿರಬಿರನೆ ಕರ್ಕೊಂಡು ಹೋಗಿ. ಗುಂಪು ಬೇಡ, ನಾವಿಬ್ಬರೇ ಹೋಗ್ಬೇಕು, ಜೊತೆಗೊಬ್ಬ ಹಳೇ ಮನುಷ್ಯ ಬೇಕು ಅಂತ ಕೇಳಿ ಬಂದವರು ಅವರು. ಅವರನ್ನ ವಾಪಸ್ ಕಳಿಸಿದ್ರೆ ಇನ್ನು ನನ್ನ ಫೋನು ಬರುತ್ತೆ ಅಂತ ಕಾಯ್ಬೇಡಿ."

ಜೆಫೆರಿನೊ ಫೋನನ್ನು ಜೇಬಿಗೆ ತುರುಕಿ, "ನಡೀರಿ," ಎಂದ.

ಮೂವತ್ತೆರಡು ವರ್ಷ ಅವನು ಇದೇ ಕಾಲುವೆಯ ನೀರುಗಂಟಿಯಾಗಿದ್ದವನು. ಮಡೇರಾ ದ್ವೀಪದಲ್ಲಿ ಮಳೆಯೆಲ್ಲ ಬೆಟ್ಟದ ನೆತ್ತಿಯ ಮೇಲೆ. ಗೆಣಸು, ಬಾಳೆ, ಮನೆ ಎಲ್ಲ ಕೆಳಗೆ ಕಡಲಿನ ಕಡೆಗೆ. ನಡುವೆ ಬಂಡೆ ಕಡಿದು ತಂದ ಈ ಮೊಣಕಾಲಿನಷ್ಟು ಆಳದ ಕಾಲುವೆ. ಕೊಳದ ಬಾಗಿಲು ತೆರೆದಾಗ ಮಾತ್ರ ಇದರಲ್ಲಿ ನೀರು. ಒಬ್ಬೊಬ್ಬನಿಗೆ ಹದಿನೈದು ದಿನಕ್ಕೊಂದು ಸರದಿ, ಒಂದೊಂದು ಗಂಟೆ. ಸರದಿಯವನು ತಾನೇ ಬಂದು ತನ್ನ ತೂಬು ತೆರೆಯಬೇಕು. ಅವನು ಬಾರದಿದ್ದರೆ ನೀರು ಮುಂದಕ್ಕೆ ಹೋಗಿ ಕಣಿವೆಗೆ ಬೀಳಬೇಕು, ಬೇರೆಯವರು ಅವನ ತೂಬಿಗೆ ಕೈ ಹಚ್ಚಬಾರದು. ಕಳ್ಳತನ ನಿಲ್ಲಿಸಲು ಈ ಕಟ್ಟಳೆ ಮಾಡಿದವನು ಜೆಫೆರಿನೊನೇ. ಮಾಡಿದ ಮೇಲೆ ಯಾರಿಗೂ ಒಂದು ನಿಮಿಷ ಬಿಟ್ಟವನಲ್ಲ. ಊರವರು ಅವನಿಗೆ ಗಡಿಯಾರ ಎಂದೇ ಹೆಸರಿಟ್ಟಿದ್ದರು.

ಈ ದಿನ ಹನ್ನೆರಡರಿಂದ ಒಂದರವರೆಗೆ ನೀರು ಅವನದು. ಅವನದೂ ಅಲ್ಲ, ಹೆಂಡತಿ ಡಿಯೊಲಿಂದಾಳದು. ಅವಳು ತೀರಿಹೋದದ್ದು ಈ ವರ್ಷ ಈಸ್ಟರಿಗೆ ಮೊದಲಿನ ಉಪವಾಸ ಕಾಲದಲ್ಲಿ. ಕಾಲುವೆಯ ಕೊನೆಯಲ್ಲಿ ಅವಳದೊಂದು ಚಿಕ್ಕ ಮೆಟ್ಟಿಲು ಹೊಲ. ಅದರಲ್ಲಿ ನಲವತ್ತು ಗಿಡ ಬಿಳಿ ಡೇಲಿಯಾ. ಆಗಸ್ಟ್ ಹದಿನೈದರಂದು ದೇವಮಾತೆಯ ವಿಗ್ರಹವನ್ನು ಹೆಗಲ ಮೇಲೆ ಹೊತ್ತು ತರುವಾಗ ಪಾದದ ಸುತ್ತ ಇಡುವ ಹೂವು ಆ ಹೊಲದ್ದೇ ಆಗಬೇಕು. ಅದು ಅವಳು ಹೊತ್ತ ಹರಕೆ. ಮೂವತ್ತೊಂದು ವರ್ಷಗಳಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ. ಹಬ್ಬಕ್ಕೆ ಇನ್ನು ಒಂಬತ್ತು ದಿನ. ಮೊಗ್ಗುಗಳು ಕತ್ತು ಬಗ್ಗಿಸಿದ್ದವು. ಮುಂದಿನ ಸರದಿ ಹಬ್ಬ ಕಳೆದ ಮೇಲೆ.

ದಾರಿ ಎಂದರೆ ಕಾಲುವೆಯ ಅಂಚು. ಜೆಫೆರಿನೊ ಮುಂದೆ, ನಡುವೆ ಹಿಲ್ಡೆ, ಹಿಂದೆ ಯೋಸ್ಟ್. ಹತ್ತು ಹೆಜ್ಜೆ ಹೋಗುವುದರಲ್ಲಿ ಯೋಸ್ಟ್ ನಿಂತ.

"ಈ ಕಾಲುವೆ ಸಾವಿರದ ಏಳುನೂರರಲ್ಲಿ ಆದದ್ದು ಅಂತ ಇಲ್ಲಿದೆ."

"ಇಲ್ಲ ಸ್ವಾಮಿ. ನಮ್ಮಜ್ಜನ ಅಪ್ಪ ಬುಟ್ಟೀಲಿ ಕೂತು, ಹಗ್ಗದಲ್ಲಿ ನೇತಾಡ್ಕೊಂಡು ಕಡಿದದ್ದು."

"ಫೋನಲ್ಲಿ ಬೇರೆ ಇದೆಯಲ್ಲ."

"ಹಾಗಾದ್ರೆ ನೇತಾಡಿದ್ದು ಫೋನೇ ಇರ್ಬೇಕು. ನಡೀರಿ."

ಜೆಫೆರಿನೊನ ಇಂಗ್ಲಿಷು ಜರ್ಸಿ ದ್ವೀಪದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತ ಕಲಿತದ್ದು. ಅದರಲ್ಲಿ ಬೈಯುವುದಕ್ಕೆ ಬೇಕಾದಷ್ಟು ಮಾತಿತ್ತು, ಸಮಾಧಾನ ಹೇಳುವುದಕ್ಕೆ ಕಡಿಮೆ. ಹಿಲ್ಡೆ ಬುತ್ತಿ ಬಿಚ್ಚಿದಳು. ಬೆಟ್ಟದ ಗುಬ್ಬಿಯೊಂದು ಕೈಯ ಮೇಲೇ ಬಂದು ಕುಳಿತಿತು. ಅದಕ್ಕೆ ರೊಟ್ಟಿಯ ಚೂರು ಕೊಡುವುದರಲ್ಲಿ ಹದಿನೈದು ನಿಮಿಷ ಹೋಯಿತು. ಆಮೇಲೆ ಕಲ್ಲಿನ ಮೇಲಿನ ಪಾಚಿ, ಆಮೇಲೆ ಒಂದು ಜರಿಗಿಡ, ಆಮೇಲೆ ಬೂಟಿನ ದಾರ.

"ನೀರೆಲ್ಲಿ? ಚಿತ್ರದಲ್ಲಿ ನೀರಿತ್ತು," ಎಂದಳು ಅವಳು.

"ಹತ್ತೂಕಾಲಿಗೇ ಬಿಟ್ಟಿರ್ತಾರೆ, ನಮ್ಮ ಹಿಂದಿನಿಂದ ಬರ್ತಿದೆ. ಅದಕ್ಕಿಂತ ಮೊದ್ಲು ನಾವು ಕೆಳಗೆ ಮುಟ್ಟಿದ್ರೆ ಒಳ್ಳೇದು."

"ಯಾಕೆ?"

ಇವಳಿಗೆ ಹೇಳಿ ಏನು ಆಗಬೇಕು ಎಂದುಕೊಂಡು ಅವನು ಮುಂದೆ ನಡೆದ.

ಹನ್ನೊಂದು ಇಪ್ಪತ್ತಕ್ಕೆ ಅವರು ಬೋಳುಬಂಡೆಗೆ ಬಂದರು. ಅಲ್ಲಿ ಇನ್ನೂರು ಹೆಜ್ಜೆಯವರೆಗೆ ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಗಾಳಿ. ಕಾಲುವೆಯ ಅಂಚು ಎರಡು ಗೇಣು ಅಗಲ. ತಂತಿಯ ಬೇಲಿಯಿತ್ತು, ನಡುವೆ ಹತ್ತು ಮಾರಿನಷ್ಟು ಕಳೆದ ಚಳಿಗಾಲದಲ್ಲಿ ಕಲ್ಲುಬಿದ್ದು ಕಿತ್ತುಹೋಗಿತ್ತು.

ಬೇಲಿಯಿಲ್ಲದ ಜಾಗಕ್ಕೆ ಬಂದಾಗ ಕೆಳಗಿನ ಮಂಜು ಸರಿದು ಕಣಿವೆಯ ಆಳವೆಲ್ಲ ಕಂಡಿತು. ಹಿಲ್ಡೆ ಅಂಚಿನ ಮೇಲೆ ಕುಳಿತುಬಿಟ್ಟಳು. ಗೋಡೆಯ ಕಡೆಗೆ ವಾಲಿ, ಎರಡು ಕೈಯಿಂದಲೂ ಕಲ್ಲನ್ನು ಹಿಡಿದಳು.

"ಏಳಮ್ಮ."

"ಆಗಲ್ಲ."

"ಇನ್ನು ನೂರು ಹೆಜ್ಜೆ ಅಷ್ಟೆ."

"ಒಂದೂ ಆಗಲ್ಲ."

"ಹಿಂದಕ್ಕೆ ಹೋಗೋಣವೇ?"

"ಹಿಂದಕ್ಕೂ ಆಗಲ್ಲ. ಮಾತಾಡ್ಬೇಡಿ, ತಲೆ ತಿರುಗುತ್ತೆ."

ಕಾಲುವೆ ಒಣಗಿದೆ, ಅದರೊಳಗೆ ಇಳಿದು ನಡೆಯಬಹುದು ಎಂದ ಜೆಫೆರಿನೊ. ಅವಳು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದಳು. ಕೈ ಹಿಡಿಯಲು ಹೋದ, ಕೂಗಿಕೊಂಡಳು. ಯೋಸ್ಟ್ ಹಿಂದಿನಿಂದ, "ಉಸಿರು ಎಣಿಸು ಹಿಲ್ಡೆ, ನಾಲ್ಕು ಒಳಗೆ, ನಾಲ್ಕು ಹೊರಗೆ ಅಂತ ಇಲ್ಲಿ ಬರೆದಿದೆ," ಎಂದು ಓದಿ ಹೇಳಿದ.

"ಆ ಫೋನನ್ನ ಕಣಿವೆಗೆ ಎಸಿ!" ಎಂದಳು ಹೆಂಡತಿ. ಜೆಫೆರಿನೊಗೆ ಆ ಹೊತ್ತಿನಲ್ಲಿ ಮೊದಲ ಸಲ ಅವಳ ಮೇಲೆ ಸ್ವಲ್ಪ ಮರ್ಯಾದೆ ಹುಟ್ಟಿತು.

ಹನ್ನೊಂದು ಮುಕ್ಕಾಲಾಯಿತು. ಮೇಲಿನಿಂದ, ಒಣಎಲೆಯ ಮೇಲೆ ಯಾರೋ ಪೊರಕೆ ಎಳೆದಂಥ ಸದ್ದು ಬಂತು. ಜೆಫೆರಿನೊ ಆ ಸದ್ದನ್ನು ನಿದ್ದೆಯಲ್ಲೂ ಗುರುತಿಸಬಲ್ಲವನು. ಮೊದಲು ಎಲೆ, ಕಡ್ಡಿ, ನೊರೆ, ಹಿಂದೆ ನೀರು. ಬಂಡೆಯ ತಿರುವು ಬಳಸಿ, ನಡೆಯುವ ಮನುಷ್ಯನ ವೇಗದಲ್ಲಿ, ಯಾವ ಅವಸರವೂ ಇಲ್ಲದೆ ಬಂದು, ಹಿಲ್ಡೆಯ ಪಕ್ಕದಲ್ಲಿ ಹಾದು ಮುಂದಕ್ಕೆ ಹೋಯಿತು.

"ಬಂತು ನೋಡಿ ನೀರು!" ಎಂದು ಯೋಸ್ಟ್ ಚಿತ್ರ ತೆಗೆದ.

ಜೆಫೆರಿನೊ ಅದು ಹೋಗುವುದನ್ನೇ ನೋಡಿದ. ಇಲ್ಲಿಂದ ಹೊಲಕ್ಕೆ ಇಪ್ಪತ್ತು ನಿಮಿಷ. ಈಗ ಓಡಿದರೂ ಸಿಗುತ್ತದೆ.

"ನಿಮಗೇನೋ ಅವಸರ ಇದ್ದ ಹಾಗಿದೆ. ಹೋಗಿ, ನಾವು ನಿಧಾನಕ್ಕೆ ಬರ್ತೀವಿ," ಎಂದ ಯೋಸ್ಟ್.

ಅವನು ಹೋದ. ಮೂವತ್ತು ಹೆಜ್ಜೆ ಹೋದ. ಮೂವತ್ತನೆಯ ಹೆಜ್ಜೆಯಲ್ಲಿ ಆ ಹಳೆಯ ಮರ ಕಣ್ಣಿಗೆ ಬಿತ್ತು. ಅಂಚಿನ ಕೆಳಗೆ ಬಂಡೆಯಿಂದ ಅಡ್ಡಲಾಗಿ ಬೆಳೆದ ಮರ. ಮೂವತ್ತೊಂದು ವರ್ಷದ ಹಿಂದೆ ಕಾಲುವೆಯ ಹೂಳು ತೆಗೆಯುತ್ತ ಅವನು ಜಾರಿ ಬಿದ್ದದ್ದು ಅದರ ಮೇಲೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅದರ ಕವಲಿನಲ್ಲಿ ಸಿಕ್ಕಿಕೊಂಡಿದ್ದ. ಜೊತೆಗಿದ್ದ ಆಳು ಹಗ್ಗ ತರುತ್ತೇನೆಂದು ಓಡಿಹೋಗಿದ್ದ. ಒಬ್ಬನೇ ಇದ್ದ ಆ ಹೊತ್ತು ಎಷ್ಟು ಉದ್ದವಾಗಿತ್ತೆಂದು ಅವನು ಡಿಯೊಲಿಂದಾಳಿಗೂ ಪೂರ್ತಿ ಹೇಳಿರಲಿಲ್ಲ. ಕೆಳಗೆ ಹೊಲದಲ್ಲಿ ನಿಂತು ಸುದ್ದಿ ಕೇಳಿದ ಅವಳು ಹರಕೆ ಹೊತ್ತದ್ದು ಆಗಲೇ.

"ಇದೇನು ತಾಯಿ?" ಎಂದು ಜೆಫೆರಿನೊ ದೇವಮಾತೆಯನ್ನು ಗಟ್ಟಿಯಾಗಿ ಕೇಳಿದ, ತನ್ನ ಭಾಷೆಯಲ್ಲಿ. "ಹೂವು ನಿನಗೆ ಬೇಕು. ನೀರು ನಿನ್ನ ಹೂವಿಗೆ. ಈ ಹೆಂಗಸನ್ನ ತಂದು ಇಲ್ಲೇ ಕೂರಿಸಿದವಳೂ ನೀನೇ. ಹೆಂಡತೀನ ನೀನು ಕರ್ಕೊಂಡೆ, ನಾನು ಸುಮ್ಮನಿದ್ದೆ. ಅವಳ ಮಾತನ್ನಾದ್ರೂ ಉಳಿಸ್ಕೊಡಬಾರದಿತ್ತೇ?"

ಅವನು ಹಲ್ಲು ಕಚ್ಚಿಕೊಂಡು ಹಿಂದಕ್ಕೆ ಬಂದು, ಹಿಲ್ಡೆಯ ಪಕ್ಕದಲ್ಲಿ, ಗಾಳಿಯ ಕಡೆಗೆ ಕಾಲು ಇಳಿಬಿಟ್ಟು ಕುಳಿತ.

ಕೆಳಗಿನ ಇಗರ್ಜಿಯ ಗಂಟೆ ಹನ್ನೆರಡು ಹೊಡೆಯಿತು. ಅವನು ಟೊಪ್ಪಿ ತೆಗೆದು, ಶಿಲುಬೆಯ ಗುರುತು ಹಾಕಿಕೊಂಡು, ಮಧ್ಯಾಹ್ನದ ಪ್ರಾರ್ಥನೆ ಹೇಳಿದ. ಈಗ ಅಲ್ಲಿ ತೂಬಿನ ಮುಂದೆ ನೀರು ಹಾದುಹೋಗುತ್ತಿರಬೇಕು. ಬಾಗಿಲು ಮುಚ್ಚಿದೆ. ನೀರು ಕಣಿವೆಗೆ ಬೀಳುತ್ತಿದೆ.

ಹಿಲ್ಡೆ ಕಣ್ಣು ತೆರೆದು ನೀರಿನಲ್ಲಿ ಕೈ ಅದ್ದಿದಳು. ಕಣಿವೆ ಬಿಟ್ಟು ಅವಳು ನೋಡಿದ ಮೊದಲ ವಸ್ತು ಅದು.

"ತಣ್ಣಗಿದೆ. ಯಾರದು ಈ ನೀರು?"

"ನಂದು."

"ನಿಮ್ಮದು ಅಂದ್ರೆ?"

"ನಂದು ಅಂದ್ರೆ ನಂದು. ಒಂದು ಗಂಟೆವರೆಗೆ ನಂದು. ಆಮೇಲೆ ವೆನಾನ್ಸಿಯೊನದು. ಇವತ್ತು ಅದು ಹೋಗಿ ಮಣ್ಣು ತಿನ್ನುತ್ತೆ, ನೀವು ಇಲ್ಲಿ ಕೂತಿರಿ." ಒಮ್ಮೆ ಬಾಯಿ ತೆರೆದ ಮೇಲೆ ಉಳಿದದ್ದೂ ಬಂತು. ಡೇಲಿಯಾ, ಹಬ್ಬ, ಹರಕೆ, ಸತ್ತ ಹೆಂಡತಿ, ಹೋಟೆಲಿನ ತಿಂಡಿ, ಗುಬ್ಬಿ, ಎಲ್ಲವನ್ನೂ ಜರ್ಸಿಯ ಅಡಿಗೆಮನೆಯ ಇಂಗ್ಲಿಷಿನಲ್ಲಿ ಹೇಳಿದ.

ಹಿಲ್ಡೆಯ ಮುಖ ಕೆಂಪಾಯಿತು. "ಬೆಳಿಗ್ಗೇನೇ ಹೇಳೋಕೇನಾಗಿತ್ತು ನಿಮಗೆ? ಯಾಕೆ ಅಂತ ಕೇಳಿದೆ, ಬಾಯಿ ಮುಚ್ಕೊಂಡು ನಡೆದ್ರಿ!"

"ಹೇಳಿದ್ರೆ ನಿಮ್ಮ ಭಯ ಹೋಗ್ತಿತ್ತೇ?"

"ಗುಬ್ಬಿಗೆ ರೊಟ್ಟಿ ಹಾಕ್ತಿರ್ಲಿಲ್ಲ!"

ಜೆಫೆರಿನೊ ಟೊಪ್ಪಿಯನ್ನು ಮತ್ತೆ ತಲೆಗೇರಿಸಿದ.

ಅವಳು ನೀರಿನ ಕಡೆಗೆ ತಿರುಗಿದಳು. "ಇದರೊಳಗೆ ನಡೀಬಹುದು ಅಂದ್ರಲ್ಲ. ನೀರಿರೋವಾಗ್ಲೂ ನಡೀಬಹುದೇ?"

ಬೇರೆಯವರ ಸರದಿಯ ನೀರಿಗೆ ಕಾಲಿಟ್ಟವರನ್ನು ಜೆಫೆರಿನೊ ಊರ ಮುಂದೆ ನಿಲ್ಲಿಸಿ ಬೈದವನು. ಆದರೆ ಇದು ಅವನದೇ ನೀರು. ಯಾರು ಕೇಳುತ್ತಾರೆ?

"ನಡೀರಿ. ನೀರನ್ನೇ ನೋಡ್ತಾ ನಡೀರಿ," ಎಂದ.

ಅವಳು ಕುಳಿತಲ್ಲಿಂದಲೇ ಕಾಲುವೆಗೆ ಜಾರಿದಳು. ಮೊಣಕಾಲಿನವರೆಗೆ ನೀರು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಅಂಚಿನ ಮೇಲೆ, ಗಾಳಿಯನ್ನು ಮರೆಮಾಡಿಕೊಂಡು, ಜೆಫೆರಿನೊ. ಅವನ ಹೆಗಲನ್ನು ಅವಳು ಉಗುರು ನೆಡುವಂತೆ ಹಿಡಿದಳು. ಒಂದು ಹೆಜ್ಜೆ, ನಿಲ್ಲುವುದು. ಇನ್ನೊಂದು ಹೆಜ್ಜೆ, ಅಳುವುದು. ನೂರು ಹೆಜ್ಜೆಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಬಂಡೆ ಮುಗಿದಾಗ ಗಂಟೆ ಹನ್ನೆರಡು ಮುಕ್ಕಾಲಾಗಿತ್ತು.

"ಓಡಿ!" ಎಂದಳು ಹಿಲ್ಡೆ, ಮತ್ತು ಓಡಿದವಳು ಅವಳೇ ಮೊದಲು. ಬೂಟಿನಲ್ಲಿ ನೀರು ಪಚಪಚ ಎನ್ನುತ್ತಿತ್ತು. ಅರವತ್ತೆಂಟರ ಜೆಫೆರಿನೊ ಹಿಂದೆ ಓಡಿದ. ಯೋಸ್ಟ್ ಕೊನೆಯಲ್ಲಿ, ಫೋನು ಜೇಬಿನಲ್ಲಿಟ್ಟು.

ಹೊಲ ಕಾಣುವ ತಿರುವಿಗೆ ಬಂದಾಗ ಇಗರ್ಜಿಯ ಗಂಟೆ ಒಂದು ಹೊಡೆಯಿತು. ಒಂದೇ ಪೆಟ್ಟು.

ತೂಬಿನ ಹತ್ತಿರ ವೆನಾನ್ಸಿಯೊ ಗುದ್ದಲಿ ಊರಿ ನಿಂತಿದ್ದ. ಅವನ ಗೆಣಸಿನ ಹೊಲ ಕೆಳಗಿನ ಮೆಟ್ಟಿಲಲ್ಲಿ. ಗಂಟೆಯ ಸದ್ದು ಅಡಗುವ ಮೊದಲೇ ಅವನು ತನ್ನ ತೂಬಿನ ಹಲಗೆ ಎತ್ತಿದ್ದ. ನೀರು ಗೆಣಸಿನ ಬಳ್ಳಿಗಳ ನಡುವೆ ಇಳಿಯುತ್ತಿತ್ತು.

"ಏನಯ್ಯಾ ಗಡಿಯಾರ, ನಿಂತುಹೋದೆಯಾ ಇವತ್ತು?"

"ಹತ್ತು ನಿಮಿಷ ಕೊಡು ವೆನಾನ್ಸಿಯೊ. ಡಿಯೊಲಿಂದಾಳ ಹೂವು."

ವೆನಾನ್ಸಿಯೊ ಗುದ್ದಲಿಯ ಹಿಡಿಯ ಮೇಲೆ ಗದ್ದ ಇಟ್ಟ. ನಗು ಹೋಯಿತು. "ನನ್ನ ಮಗಳ ಮದುವೆ ದಿನ ನಾನು ಐದು ನಿಮಿಷ ಕೇಳಿದ್ದೆ. ಮದುವೆ ಬಟ್ಟೇಲೇ ಓಡಿ ಬಂದಿದ್ದೆ. ನೀನು ಏನಂದೆ?"

ಜೆಫೆರಿನೊ ತನ್ನ ಮುಚ್ಚಿದ ತೂಬಿನ ಕಡೆಗೆ ನೋಡಿದ.

"ನೀರಿಗೆ ಮದುವೆ ಗೊತ್ತಿಲ್ಲ ಅಂದೆ. ನಂಗೂ ಈ ಗೆಣಸು ಬಿಟ್ಟರೆ ಚಳಿಗಾಲಕ್ಕೆ ಬೇರೇನಿಲ್ಲಯ್ಯ. ಅವಳು ಒಳ್ಳೇ ಹೆಂಗಸು. ಆದ್ರೆ ಇವತ್ತು ನಿನಗೆ ಹತ್ತು ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ. ನಮಗೆ ಕಲಿಸಿದವನು ನೀನೇ."

ಅವನ ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದೇ ಜೆಫೆರಿನೊಗೆ ಹೆಚ್ಚು ಉರಿಯಿತು. ಅವನು ಹೊಲದ ಕಲ್ಲುಕಟ್ಟೆಯ ಮೇಲೆ ಕುಳಿತ. ನಲವತ್ತು ಗಿಡಗಳೂ ಅವನ ಕಡೆಗೇ ತಲೆ ಬಗ್ಗಿಸಿದ್ದವು. ಮಣ್ಣು ಬಿರುಕು ಬಿಟ್ಟಿತ್ತು. ಮನೆ ಗುಡ್ಡದ ಆ ಬದಿಗೆ. ಬಿಂದಿಗೆ ಹೊತ್ತು ಹತ್ತುವ ಮೊಣಕಾಲು ಅವನಿಗೆ ಈಗ ಇಲ್ಲ.

ಹಿಲ್ಡೆಗೆ ಅವರ ಭಾಷೆ ತಿಳಿಯಲಿಲ್ಲ, ವಿಷಯ ತಿಳಿಯಿತು. ಅವಳು ಹೊಲದ ನಡುವೆ ಹೋಗಿ ಕುಳಿತು, ಬೂಟಿನ ದಾರ ಬಿಚ್ಚಿದಳು.

"ಇದು ನಿಮ್ಮ ಗಂಟೇಲಿ ತುಂಬಿದ ನೀರು. ವೆನಾನ್ಸಿಯೊನದಲ್ಲ," ಎಂದಳು. ಬೂಟನ್ನು ಒಂದು ಗಿಡದ ಬುಡಕ್ಕೆ ಬಗ್ಗಿಸಿದಳು. ಆಮೇಲೆ ಇನ್ನೊಂದು ಬೂಟು. ಆಮೇಲೆ ಕಾಲುಚೀಲಗಳನ್ನು ಹಿಂಡಿದಳು.

"ಏನಯ್ಯಾ ಅದು?" ಎಂದು ವೆನಾನ್ಸಿಯೊ ಕೆಳಗಿನಿಂದ ಕೂಗಿದ. "ಹಾಲೆಂಡಿನವರು ಹೀಗೇ ಏನು ನೀರು ಕಟ್ಟೋದು?"

ಜೆಫೆರಿನೊ ನಗಲಿಲ್ಲ. ಅಳಲೂ ಇಲ್ಲ. ಎರಡು ಬೂಟಿನ ನೀರು, ನಲವತ್ತು ಗಿಡ. ಅವನಿಗೆ ಆ ಹೆಂಗಸಿನ ಮೇಲೆ ಇನ್ನೂ ಸಿಟ್ಟಿತ್ತು, ಗ್ರಾಸಾಳ ಮೇಲೂ, ವೆನಾನ್ಸಿಯೊನ ಮೇಲೂ, ಎಲ್ಲರಿಗಿಂತ ಹೆಚ್ಚಾಗಿ ಮದುವೆಯ ಬಟ್ಟೆಯವನಿಗೆ ಆ ದಿನ ಉತ್ತರ ಕೊಟ್ಟ ಗಡಿಯಾರದ ಮೇಲೆ. ಅವನು ಎದ್ದು ಬಂದು ಮಂಡಿಯೂರಿ, ನೀರು ಹರಿದುಹೋಗದಂತೆ ಆ ಒಂದು ಗಿಡದ ಬುಡಕ್ಕೆ ಕೈಯಿಂದ ಮಣ್ಣಿನ ಕಟ್ಟೆ ಕಟ್ಟಿದ. ಮಣ್ಣು ಅದನ್ನು ಒಂದೇ ಗುಟುಕಿಗೆ ಕುಡಿಯಿತು.

"ಈ ವರ್ಷ ಒಂದೇ ಹೂವು ತಾಯಿ," ಎಂದ. "ಇಷ್ಟನ್ನೇ ನೀನು ಒಪ್ಕೋ, ಡಿಯೊಲಿಂದಾಳನ್ನೂ ನೀನೇ ಒಪ್ಪಿಸು. ನನ್ನ ಕೈಲಿ ಆಗಲ್ಲ."

ಆಮೇಲೆ ಹಿಲ್ಡೆಯ ಕಡೆಗೆ ತಿರುಗಿ, "ಬರಿಗಾಲಲ್ಲಿ ನಡೀಬೇಡಿ, ಮುಳ್ಳಿದೆ," ಎಂದು ಗದರಿದ.