ಜಗಲಿಯ ಎಲೆ

ಪುಸ್ತಕದ ಹಾಳೆಗಳನ್ನು ಇಷ್ಟು ವರ್ಷಗಳಲ್ಲಿ ಯಾರೂ ಬಿಡಿಸಿಯೇ ಇರಲಿಲ್ಲ. ಮೇಲಂಚಿನಲ್ಲಿ ಎರಡೆರಡು ಹಾಳೆ ಇನ್ನೂ ಕೂಡಿಕೊಂಡೇ ಇದ್ದವು. ರಾಜೀವಿ ಕೇಳುವ ಮೊದಲೇ ಲೈಬ್ರರಿಯ ವೆಂಕಟ್ರಮಣ ಮೇಜಿನ ಖಾನೆಯಿಂದ ಹಳೆಯ ಬ್ಲೇಡೊಂದನ್ನು ತೆಗೆದುಕೊಟ್ಟು, ಕಾಲೇಜಿನ ಆಸ್ತಿ, ಜಾಗ್ರತೆ ಎಂದ. ಬ್ಲೇಡಿನ ಬಗ್ಗೆ ಹೇಳಿದನೋ ಪುಸ್ತಕದ ಬಗ್ಗೆಯೋ ಅವನಿಗೇ ಗೊತ್ತು.

ಪುತ್ತೂರಿನ ಕಾಲೇಜಿನಲ್ಲಿ ಅವಳದು ಬಿ.ಎ. ಕೊನೆಯ ವರ್ಷ. ಕಂಪೆನಿ ಸರಕಾರದ ವಿರುದ್ಧ 1837ರಲ್ಲಿ ಸುಳ್ಯದ ಕಡೆಯ ರೈತರು ಎದ್ದ ದಂಗೆ ಅವಳ ಪ್ರಬಂಧದ ವಿಷಯ. ಇತಿಹಾಸದ ಯಜ್ಞೇಶ್ವರ ಭಟ್ಟರದು ಒಂದೇ ಷರತ್ತು. ವಿದ್ವಾಂಸರು ಬರೆದ ಐದು ಗ್ರಂಥಗಳ ಆಧಾರ ಬೇಕು, ಅಜ್ಜಿಕತೆ ಬೇಡ. ಪ್ರಬಂಧಕ್ಕೆ ಒಳ್ಳೆಯ ಅಂಕ ಬಂದರೆ ಕೊಣಾಜೆಯಲ್ಲಿ ಎಂ.ಎ. ಸೀಟು, ಬಾರದಿದ್ದರೆ ಪಂಜದ ಬಸ್ಸು ಹತ್ತಿ ಮನೆಗೆ. ನಾಲ್ಕು ಪುಸ್ತಕ ಹೇಗೋ ಸಿಕ್ಕಿದ್ದವು. ಅವು ನಾಲ್ಕೂ ಒಂದನ್ನೊಂದು ನೋಡಿ ಬರೆದವು, ಓದಿದರೆ ಒಂದನ್ನೇ ನಾಲ್ಕು ಸಲ ಓದಿದ ಹಾಗೆ. ಐದನೆಯದು ಇದು, ಮದರಾಸಿನಲ್ಲಿ ಅಚ್ಚಾದ ಇಂಗ್ಲಿಷ್ ಗ್ರಂಥ. ಬೀಗ ಹಾಕಿದ ಕಪಾಟಿನ ತಳದಲ್ಲಿತ್ತು.

ನೂರ ನಲವತ್ತಮೂರನೆಯ ಪುಟದ ಅಡಿಟಿಪ್ಪಣಿಯಲ್ಲಿ ಅವಳ ಬ್ಲೇಡು ನಿಂತಿತು. ದಂಗೆಯಲ್ಲಿ ಗಲ್ಲಿಗೇರಿದ, ಹೆಸರು ಉಳಿಯದ ಒಬ್ಬನಿಗೆ ಪಂಜದ ಒಂದು ಮನೆಯವರು ಇಂದಿಗೂ ಪ್ರತಿವರ್ಷ ಜಗಲಿಯಲ್ಲಿ ಒಂದು ಎಲೆ ಬಡಿಸುತ್ತಾರೆ ಎಂದು ಅಲ್ಲಿತ್ತು. ಹೇಳಿದವರು ದುಗ್ಗಪ್ಪ ಗೌಡರು, 1952.

ದುಗ್ಗಪ್ಪ ಗೌಡರು ಅವಳ ಅಜ್ಜ, ಅವಳು ಹುಟ್ಟುವ ಮೊದಲೇ ತೀರಿಕೊಂಡವರು. ಆ ಎಲೆಯನ್ನು ಅವಳೇ ವರ್ಷ ವರ್ಷ ನೋಡಿದ್ದಳು. ಮಳೆಗಾಲದ ಆಟಿ ತಿಂಗಳಲ್ಲಿ, ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನ, ಒಳಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಅವರು ಉಣ್ಣಲೆಂದು ಬಾಗಿಲು ಹಾಕುತ್ತಿದ್ದರು. ಜಗಲಿಯ ಎಲೆಗೆ ಮಾತ್ರ ಯಾರೂ ಹೆಸರು ಕರೆಯುತ್ತಿರಲಿಲ್ಲ. ಕೇಳಿದರೆ, ಹಾಗೇ ನಡೆದುಬಂದದ್ದು ಎನ್ನುವುದು ಆ ಮನೆಯಲ್ಲಿ ಎಲ್ಲದಕ್ಕೂ ಇದ್ದ ಉತ್ತರ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇವಳ ಹಿತ್ತಲ ಗಿಡ ಮದರಾಸಿಗೆ ಹೋಗಿ ರಟ್ಟು ಹಾಕಿಸಿಕೊಂಡು ಬಂದಿತ್ತು. ರಾಜೀವಿಗೆ ಖುಷಿಯಾಯಿತು. ಆ ಇಡೀ ವರ್ಷದಲ್ಲಿ ಅವಳು ಖುಷಿಪಟ್ಟದ್ದು ಅದೊಂದೇ ದಿನ.

ಶನಿವಾರ ಮನೆಗೆ ಹೋದವಳು ಚೀಲ ಇಳಿಸುವ ಮೊದಲೇ ಅಜ್ಜಿಗೆ ಸುದ್ದಿ ಹೇಳಿದಳು. ಅಜ್ಜಿ ಅಕ್ಕುವಿಗೆ ಎಂಬತ್ತು ದಾಟಿತ್ತು, ಅಕ್ಷರ ಬಾರದು. ತೆಂಗಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಿದ್ದಳು. ಸುದ್ದಿ ಪೂರ್ತಿ ಕೇಳಿದಳು, ಇನ್ನೂ ನಾಲ್ಕು ಕಡ್ಡಿ ತೆಗೆದಳು, ಆಮೇಲೆ ಕತ್ತಿ ಕೆಳಗಿಟ್ಟಳು.

"ನಿನ್ನ ಅಜ್ಜ ಸುಳ್ಳು ಹೇಳಿದ್ದು ಮಗಾ. ಅದು ಸೀತುವಿನ ಎಲೆ."

ಸೀತು ಅಜ್ಜನ ತಂಗಿ. ಅಕ್ಕು ಹದಿಮೂರರಲ್ಲಿ ಮದುವೆಯಾಗಿ ಬಂದಾಗ ಸೀತುವಿಗೂ ಅಷ್ಟೇ ಪ್ರಾಯ. ಇಬ್ಬರೂ ಒಂದೇ ಚಾಪೆಯಲ್ಲಿ ಮಲಗಿದವರು. ಹದಿನೇಳರಲ್ಲಿ, ಮದುವೆಯಾಗದ ಸೀತು ಬಸುರಿಯಾದಳು. ಯಾರೆಂದು ಎಷ್ಟು ಹೊಡೆದರೂ ಹೇಳಲಿಲ್ಲ. ಕೆರೆಗೆ ಹಾರಿದಳು. ಅವಳ ಹೆಸರನ್ನು ಈ ಮನೆಯಲ್ಲಿ ಎತ್ತಬಾರದೆಂದು ಅಪ್ಪ ಆಣೆ ಹಾಕಿದ. ಆ ಅಪ್ಪ ಸತ್ತ ವರ್ಷವೇ ದುಗ್ಗಪ್ಪ ಗೌಡರು ಜಗಲಿಯಲ್ಲಿ ಎಲೆ ಹಾಕಿದರು. ತಂಗಿಯನ್ನು ಒಳಗೆ ಕರೆಯುವ ಧೈರ್ಯ ಅವರಿಗಿರಲಿಲ್ಲ, ಮರೆಯುವ ಮನಸ್ಸೂ ಇರಲಿಲ್ಲ. ಮುಂದೊಂದು ಆಟಿಯಲ್ಲಿ ಮದರಾಸಿನ ವಿದ್ವಾಂಸರು ಪುಸ್ತಕ ಹಿಡಿದು ಬಂದು, ಇದು ಯಾರ ಎಲೆ ಎಂದು ಕೇಳಿದರು. ಗೌಡರು ಹೆಣ್ಣಿನ ಸುದ್ದಿ ಎತ್ತದೆ, ಗಲ್ಲಿಗೇರಿದ ಗಂಡಸೊಬ್ಬನನ್ನು ಕೊಟ್ಟು ಕಳಿಸಿದರು. ಅಕ್ಕು ಕಾಫಿ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು.

"ಅವರಿಗೆ ಅವಳ ಹೆಸರು ಹೇಳ್ಲಿಕ್ಕೆ ನಾಲಿಗೆ ಬರ್ಲಿಲ್ಲ. ನೀನು ಬರೆಯುದಲ್ವಾ? ಒಂದು ಕಡೆ ಹಾಕು. ನಾನು ಹೋದ ಮೇಲೆ ಅವಳ ಹೆಸರು ಹೇಳ್ಲಿಕ್ಕೆ ಯಾರು ಉಂಟು?"

ರಾಜೀವಿ ಆಯ್ತು ಅಂದಳು.

ಸೋಮವಾರ ಭಟ್ಟರಿಗೆ ಎಲ್ಲವನ್ನೂ ಹೇಳಿದಳು. ಭಟ್ಟರು ಕೆಟ್ಟವರಲ್ಲ. ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು. ಆ ಟಿಪ್ಪಣಿ ಸುಳ್ಳೆಂದರೆ ಆ ಗ್ರಂಥವನ್ನೇ ಬಿಡಬೇಕು, ಉಳಿಯುವುದು ನಾಲ್ಕೇ ಪುಸ್ತಕ, ಕೊಡಲು ಕಡೆಯ ದಿನ ಶುಕ್ರವಾರ ಎಂದು ನೆನಪಿಸಿದರು. ನಿಮ್ಮ ಮನೆಯ ಮರ್ಯಾದೆಯೂ ಉಂಟಲ್ಲ ಎಂದರು.

"ಅದು ಅಚ್ಚಾಗಿದೆ, ಆಧಾರ ಆಯಿತು. ನಿನ್ನ ಅಜ್ಜಿ ಹೇಳಿದ್ದಕ್ಕೆ ಪುಟಸಂಖ್ಯೆ ಎಂತ ಹಾಕುದು?"

ರಾಜೀವಿಗೆ ಜಗಳವಾಡಬೇಕು ಅನ್ನಿಸಬೇಕಿತ್ತು, ಅಳು ಬರಬೇಕಿತ್ತು. ಯಾವುದೂ ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುವಂತೆ ಒಳಗೆಲ್ಲ ಮರಗಟ್ಟಿತ್ತು. ಹಾಸ್ಟೆಲಿಗೆ ಹೋಗಿ ಊಟ ಮಾಡಿದಳು, ಬಟ್ಟೆ ಒಗೆದಳು, ಟಿಪ್ಪಣಿಯನ್ನು ಇದ್ದದ್ದು ಇದ್ದ ಹಾಗೆ ಕನ್ನಡಕ್ಕೆ ಇಳಿಸಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಟೈಪು ಮಾಡುವ ದೇವದಾಸ ಅದನ್ನು ಓದಿ, ನಿಮ್ಮ ಕಡೆಯವರು ಭಾರೀ ಜನ ಮಾರಾಯ್ರೆ, ಎಂದು ಮೆಚ್ಚಿದ. ಅವಳು ಹೌದೆಂದಳು. ಪ್ರಬಂಧಕ್ಕೆ ಕ್ಲಾಸಿಗೇ ಹೆಚ್ಚಿನ ಅಂಕ ಬಂತು. ಆ ಟಿಪ್ಪಣಿ ಒಂದೇ ಸಾಕು ಎಂದು ಭಟ್ಟರು ಎಲ್ಲರೆದುರು ಹೇಳಿದಾಗಲೂ ಅವಳು ಹೊರಗೆ ನೀರಿನ ಟ್ಯಾಂಕಿಯ ಮೇಲೆ ಕೂತ ಕಾಗೆಯನ್ನು ನೋಡುತ್ತಿದ್ದಳು.

ಕೆಂಪು ರಟ್ಟಿನ ಪ್ರತಿಯೊಂದನ್ನು ಮನೆಗೆ ತಂದಳು. ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿಬಿಡುವ ಅಂದಾಜಿತ್ತು. ಆದರೆ ಅಕ್ಕು ಕಾಯುತ್ತಿದ್ದಳು. ಕೈಕಾಲು ತೊಳೆದು ಬಂದು ಜಗಲಿಯಲ್ಲಿ ಕೂತಳು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಎಲ್ಲಿ ಉಂಟು, ತೋರಿಸು."

ರಾಜೀವಿ ಆ ಟಿಪ್ಪಣಿಯ ಪುಟ ಬಿಡಿಸಿ, ಇಲ್ಲ ಅಜ್ಜಿ ಎನ್ನಲು ಬಾಯಿ ತೆರೆದಳು. ಅಕ್ಕು ಆಗಲೇ ಬೆರಳು ಚಾಚಿದ್ದಳು, ಎಲ್ಲಿ ಇಡಬೇಕೆಂದು ಗೊತ್ತಾಗದೆ ಅದು ಹಾಳೆಯ ಮೇಲೆ ನಿಂತಿತ್ತು. ರಾಜೀವಿ ಆ ಬೆರಳನ್ನು ಹಿಡಿದು ಪುಟದ ಅಡಿಯ ಸಣ್ಣ ಸಾಲಿನ ಮೇಲೆ ಇಟ್ಟಳು.

"ಓದು," ಅಂದಳು ಅಕ್ಕು.

"ಸೀತು. ದುಗ್ಗಪ್ಪ ಗೌಡರ ತಂಗಿ. ಪಂಜ," ರಾಜೀವಿ ಓದಿದಳು. ಸ್ವರ ಸ್ವಲ್ಪವೂ ನಡುಗಲಿಲ್ಲ.

"ಇನ್ನೊಮ್ಮೆ ಓದು ಮಗಾ."

ರಾಜೀವಿ ಇನ್ನೊಮ್ಮೆ ಓದಿದಳು. ಅಕ್ಕುವಿನ ಬೆರಳು ಗಂಡನ ಹೆಸರಿನ ಮೇಲೆ, ಅಕ್ಷರ ಅಕ್ಷರವಾಗಿ, ಮೆಲ್ಲಗೆ ಸರಿಯುತ್ತಿತ್ತು.